ಕಂಪ್ಯೂಟರ್ ಎಲ್ಲಿ ಕಾಯುತ್ತದೆ?

ಕಂಪ್ಯೂಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಪ್ರೊಸೆಸರ್?’ ಎಂದು. ಅದಾದ ಮೇಲೆ ‘ಎಷ್ಟು ಜಿಬಿ?’ ಎಂದು. ಎರಡೂ ಕೇಳಲೇಬೇಕಾದ ಪ್ರಶ್ನೆಗಳೇ, ಆದರೆ ಅವುಗಳ ಸರದಿ ಆಮೇಲೆ ಬರಬೇಕು. ಮೊದಲು ತಿಳಿಯಬೇಕಾದದ್ದು, ಈ ಯಂತ್ರದ ಮುಂದೆ ಕೂರುವವರು ಯಾರು, ದಿನವಿಡೀ ಅದರಲ್ಲಿ ಏನು ಮಾಡುತ್ತಾರೆ, ಆ ಕೆಲಸದಲ್ಲಿ ಹೊತ್ತು ಎಲ್ಲಿ ಕಳೆದುಹೋಗುತ್ತದೆ ಎಂಬುದು. ಅದು ಗೊತ್ತಾದರೆ ಕೈಯಲ್ಲಿರುವ ದುಡ್ಡನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಎಂಬುದನ್ನು ಕೂಡಿ ಕಳೆದು ತೀರ್ಮಾನಿಸಬಹುದು.

ನಮ್ಮ ಮನೆಯ ಕಂಪ್ಯೂಟರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದನ್ನು ಕಟ್ಟಿದ್ದು ನಮ್ಮ ಯಜಮಾನರಿಗಾಗಿ. ಕನ್ನಡ ಉಪನ್ಯಾಸಕರಾಗಿ ನಿವೃತ್ತರಾದ ಮೇಲೆ ಅವರು ಹಳೆಯ ಪುಸ್ತಕಗಳ ಕೆಲಸಕ್ಕೆ ಕೂತಿದ್ದಾರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಪುಸ್ತಕಗಳ ಕೃತಿಸ್ವಾಮ್ಯ ಮುಗಿಯುತ್ತದೆ. ಅಂಥ ಪುಸ್ತಕಗಳನ್ನು ಸ್ಕ್ಯಾನ್ ಮಾಡುವುದು, ಚಿತ್ರದಲ್ಲಿರುವ ಅಕ್ಷರಗಳನ್ನು ಓಸಿಆರ್ ತಂತ್ರಾಂಶದಿಂದ ಪಠ್ಯವಾಗಿಸುವುದು, ಮೂಲದ ಜೊತೆ ಹೋಲಿಸಿ ಕರಡು ತಿದ್ದುವುದು, ಕೊನೆಗೆ ಅಂತರ್ಜಾಲದ ಮುಕ್ತ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ಗೆ ಏರಿಸುವುದು ಅವರ ದಿನಚರಿ. ಇದಕ್ಕೆ ಒಳ್ಳೆಯ ಯಂತ್ರ ಬೇಕು, ಆದರೆ ಪಿಂಚಣಿಯಲ್ಲಿ ನಡೆಯುವ ಮನೆಗೆ ನಿಲುಕಬೇಕು.

ಬಿಡಿಭಾಗಗಳನ್ನು ಆರಿಸುವ ಸ್ವಾತಂತ್ರ್ಯ

ಒಂದು ಕಂಪನಿಯ ಪ್ರೊಸೆಸರ್, ಇನ್ನೊಂದು ಕಂಪನಿಯ ಮದರ್‌ಬೋರ್ಡ್, ಮತ್ತೊಂದರ ಕ್ಯಾಬಿನೆಟ್ ತಂದು ಜೋಡಿಸಿದರೆ ಎಲ್ಲವೂ ಸರಿಯಾಗಿ ಕೂತುಕೊಳ್ಳುತ್ತವೆ. ಟಿವಿ, ಫ್ರಿಜ್, ಮೊಬೈಲ್ ಯಾವುದರಲ್ಲೂ ಇದು ಸಾಧ್ಯವಿಲ್ಲ. ಇದರ ಹಿಂದೆ ಒಂದು ಚರಿತ್ರೆಯಿದೆ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಫ್ಲಾರಿಡಾದ ಬೋಕಾ ರೇಟನ್‌ನಲ್ಲಿದ್ದ ಒಂದು ಸಣ್ಣ ತಂಡಕ್ಕೆ ಅದನ್ನು ಬೇಗ ಮಾರುಕಟ್ಟೆಗೆ ತರುವ ಹೊಣೆ ಬಿದ್ದಿತ್ತು. ಎಲ್ಲವನ್ನೂ ತಾವೇ ತಯಾರಿಸುತ್ತ ಕೂತರೆ ವರ್ಷಗಳೇ ಹಿಡಿಯುತ್ತಿದ್ದವು. ಹಾಗಾಗಿ ಪ್ರೊಸೆಸರನ್ನು ಇಂಟೆಲ್‌ನಿಂದ ಕೊಂಡರು, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನಿಂದ ಪಡೆದರು. ಯಂತ್ರದ ಸರ್ಕ್ಯೂಟ್ ನಕ್ಷೆಗಳನ್ನು ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿಸಿ ಮಾರಿದರು. ಅದಕ್ಕೆ ಹೊಂದುವ ಕಾರ್ಡುಗಳನ್ನು ಬೇರೆಯವರು ಮಾಡತೊಡಗಿದರು. ಸ್ವಲ್ಪ ದಿನಕ್ಕೆ ಯಂತ್ರವನ್ನೇ ಮಾಡತೊಡಗಿದರು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಮಾನಕವನ್ನು ಪ್ರಕಟಿಸಿತು. ಮದರ್‌ಬೋರ್ಡಿನ ಅಳತೆ ಎಷ್ಟು, ಸ್ಕ್ರೂ ತೂತುಗಳು ಎಲ್ಲೆಲ್ಲಿ, ವಿದ್ಯುತ್ ಕನೆಕ್ಟರ್ ಯಾವ ಆಕಾರದ್ದು ಎಂಬುದೆಲ್ಲ ಅದರಲ್ಲಿ ನಿಗದಿಯಾಯಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಅಂಗಡಿಯಿಂದ ತಂದ ಬೋರ್ಡು ಎದುರಿನ ಅಂಗಡಿಯ ಕ್ಯಾಬಿನೆಟ್ಟಿನಲ್ಲಿ ಸಲೀಸಾಗಿ ಕೂರುವುದು ಆ ಮಾನಕದ ದೆಸೆಯಿಂದ.

ಇದರ ಬೆಲೆ ಗೊತ್ತಾಗುವುದು ರಿಪೇರಿಗೆ ಬಂದಾಗ. ಎಂಟು ವರ್ಷದ ಮೇಲೆ, ವಿದ್ಯುತ್ ಪೂರೈಸುವ ಡಬ್ಬಿಯಾದ ಎಸ್‌ಎಂಪಿಎಸ್ ಕೆಟ್ಟರೆ ಅದೊಂದನ್ನೇ ಬದಲಿಸಿದರೆ ಸಾಕು. ಆಫೀಸುಗಳಿಂದ ಹೊರಬಂದ ಸೆಕೆಂಡ್‌ಹ್ಯಾಂಡ್ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ, ಟೈಪಿಂಗ್ ಮತ್ತು ಇಂಟರ್‌ನೆಟ್ಟಿಗೆ ಅವು ಧಾರಾಳವಾಗಿ ಸಾಕು. ಆದರೆ ಅಂಥ ಹಲವು ಮಾದರಿಗಳ ಬೋರ್ಡು, ಎಸ್‌ಎಂಪಿಎಸ್‌ಗಳು ಈ ಮಾನಕಕ್ಕೆ ಹೊಂದುವುದಿಲ್ಲ. ಕೆಟ್ಟರೆ ಅದೇ ಮಾದರಿಯದನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಆಮ್ದಾಲ್ ಹೇಳಿಕೊಟ್ಟ ಲೆಕ್ಕ

ಐಬಿಎಂನಲ್ಲಿ ದೊಡ್ಡ ಕಂಪ್ಯೂಟರ್‌ಗಳನ್ನು ವಿನ್ಯಾಸ ಮಾಡುತ್ತಿದ್ದ ಜೀನ್ ಆಮ್ದಾಲ್ 1967ರಲ್ಲಿ ಒಂದು ವಾದ ಮುಂದಿಟ್ಟರು. ಅದಕ್ಕೆ ಈಗ ಆಮ್ದಾಲ್ ನಿಯಮವೆಂದೇ ಹೆಸರು. ಒಂದು ಕೆಲಸದ ಯಾವುದೋ ಒಂದು ಭಾಗವನ್ನು ನೀವು ಎಷ್ಟೇ ವೇಗಗೊಳಿಸಿದರೂ ಒಟ್ಟು ಕೆಲಸಕ್ಕೆ ಆಗುವ ಲಾಭ, ಆ ಭಾಗ ಮೊದಲು ಎಷ್ಟು ಹೊತ್ತು ತಿನ್ನುತ್ತಿತ್ತೋ ಅದನ್ನು ಮೀರುವುದಿಲ್ಲ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಕಂಪ್ಯೂಟರ್ ಕೊಳ್ಳುವಾಗ ಇದನ್ನು ಪಾಲಿಸುವವರು ಕಡಿಮೆ.

ಅಂಗಡಿಗೆ ಹೋಗುವ ಮೊದಲು ನಾನು ಯಜಮಾನರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ‘ರೀ, ಒಂದು ಪುಟ ಶುರುವಿನಿಂದ ಕೊನೆತನಕ ಮಾಡಿ ತೋರಿಸಿ’ ಅಂದೆ. ಪುಟವನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟು ತೆಗೆಯಲು ಸುಮಾರು 20 ಸೆಕೆಂಡು ಬೇಕಾಯಿತು. ಓಸಿಆರ್‌ಗೆ ಸುಮಾರು 10 ಸೆಕೆಂಡು. ಆಮೇಲೆ ಮೂಲವನ್ನೂ ಪಠ್ಯವನ್ನೂ ಅಕ್ಕಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ಓದಿ ತಿದ್ದಲು ಹತ್ತು ನಿಮಿಷ, ಅಂದರೆ 600 ಸೆಕೆಂಡು. ಒಟ್ಟು 630 ಸೆಕೆಂಡು.

ಈಗ ಆಮ್ದಾಲ್ ಲೆಕ್ಕ ಹಾಕೋಣ. ಜಗತ್ತಿನ ಅತಿ ದುಬಾರಿ ಪ್ರೊಸೆಸರ್ ತಂದು ಓಸಿಆರ್ ಸಮಯವನ್ನು ಸೊನ್ನೆಗೆ ಇಳಿಸಿದರೂ 630 ಹೋಗಿ 620 ಆಗುತ್ತದೆ. ಉಳಿತಾಯ ಶೇಕಡಾ 1.6. ಅದೇ ಓದಿ ತಿದ್ದುವ ಕೆಲಸ ಹತ್ತರಲ್ಲಿ ಒಂದು ಪಾಲು ಹಗುರಾದರೆ 60 ಸೆಕೆಂಡು ಉಳಿಯುತ್ತದೆ, ಅಂದರೆ ಶೇಕಡಾ 9.5. ಇನ್ನೂರು ಪುಟದ ಪುಸ್ತಕವೊಂದರಲ್ಲಿ ಅವರ ಕಣ್ಣು ಪರದೆಯ ಮೇಲೆ ನೆಟ್ಟಿರುವುದು 33 ಗಂಟೆ, ಪ್ರೊಸೆಸರ್ ಬೆವರು ಹರಿಸುವುದು 33 ನಿಮಿಷ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಮೊದಲ ಸಾಲಿಗೆ ಬಂದದ್ದು ಮಾನಿಟರ್.

ಕಣ್ಣಿಗೆ ಬೇಕಾದ ಪರದೆ

ಹೆಚ್ಚಿನ ಕೊಟೇಶನ್‌ಗಳಲ್ಲಿ ಮಾನಿಟರ್ ಕೊನೆಯ ಸಾಲಿನಲ್ಲಿರುತ್ತದೆ. ಉಳಿದ ದುಡ್ಡಿಗೆ ಸಿಕ್ಕಿದ್ದು ಬರುತ್ತದೆ. ಓದುವ ಕೆಲಸಕ್ಕೆ ಇದು ತಲೆಕೆಳಗಾದ ಕ್ರಮ.

ಅಳತೆಯಿಂದ ಶುರು ಮಾಡೋಣ. 24 ಇಂಚು ಎಂದು ಮಾರುವ ಮಾನಿಟರ್‌ಗಳ ಕರ್ಣ ಸಾಮಾನ್ಯವಾಗಿ 23.8 ಇಂಚು ಇರುತ್ತದೆ. ಅಗಲ–ಎತ್ತರದ ಪ್ರಮಾಣ 16:9. ಅಂದರೆ ಪರದೆ ಸುಮಾರು 52.7 ಸೆಂ.ಮೀ. ಅಗಲ, 29.6 ಸೆಂ.ಮೀ. ಎತ್ತರ. ಎ4 ಕಾಗದದ ಎತ್ತರ 29.7 ಸೆಂ.ಮೀ., ಅಗಲ 21 ಸೆಂ.ಮೀ. ಈ ಪರದೆಯಲ್ಲಿ ಎರಡು ಎ4 ಹಾಳೆಗಳು ಹೆಚ್ಚುಕಡಿಮೆ ನಿಜ ಗಾತ್ರದಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಎಡಕ್ಕೆ ಮೂಲದ ಚಿತ್ರ, ಬಲಕ್ಕೆ ತಿದ್ದುವ ಪಠ್ಯ. ಮೇಲೆ ಕೆಳಗೆ ಸರಿಸುತ್ತ ಎಲ್ಲಿದ್ದೆವೆಂದು ಹುಡುಕಬೇಕಾಗಿಲ್ಲ.

ಆದರೆ ಗಾತ್ರವೊಂದೇ ಸಾಲದು. ಅದೇ ಪರದೆಯಲ್ಲಿ ಅಡ್ಡಕ್ಕೆ 1920 ಚುಕ್ಕೆ, ಉದ್ದಕ್ಕೆ 1080 ಚುಕ್ಕೆ ಇದ್ದರೆ ಇಂಚಿಗೆ ಸುಮಾರು 93 ಪಿಕ್ಸೆಲ್ ಬೀಳುತ್ತವೆ. 10 ಪಾಯಿಂಟಿನ ಅಕ್ಷರಕ್ಕೆ ಮೇಲಿನಿಂದ ಕೆಳಗೆ ಸಿಗುವುದು ಸುಮಾರು 13 ಪಿಕ್ಸೆಲ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕಾಗಬಹುದು. ಕನ್ನಡದಲ್ಲಿ ಆ 13 ಪಿಕ್ಸೆಲ್ಲಿನೊಳಗೆ ತಲೆಕಟ್ಟು, ಅಕ್ಷರದ ಒಡಲು, ಅದರ ಕೆಳಗೆ ಒತ್ತು ಎಲ್ಲವೂ ಹಿಡಿಸಬೇಕು. ‘ಸ್ತ್ರೀ’ ಎಂದು ಬರೆದರೆ ಒಂದು ಒತ್ತಿನ ಜೊತೆ ಇನ್ನೊಂದು ಒತ್ತು ಬರುತ್ತದೆ. ದ ಮತ್ತು ಧ ನಡುವಿನ ವ್ಯತ್ಯಾಸ ತಳದಲ್ಲಿರುವ ಒಂದು ಸಣ್ಣ ಸೀಳು. ಅದೇ ಥ ಆಗಬೇಕಾದರೆ ಒಳಗೊಂದು ಚುಕ್ಕೆ ಬೇಕು. ಓಸಿಆರ್ ಎಡವುವುದು ಇಂಥ ಕಡೆಗಳಲ್ಲೇ, ಕರಡು ತಿದ್ದುವವರು ಹಿಡಿಯಬೇಕಾದದ್ದೂ ಇದನ್ನೇ. ಆ ಸೀಳಿಗೆ ಪರದೆಯ ಮೇಲೆ ಒಂದೇ ಒಂದು ಪಿಕ್ಸೆಲ್ ಸಿಕ್ಕರೆ, ಅದೂ ಅಂಚಿನ ಮಬ್ಬಿನಲ್ಲಿ ಕರಗಿದರೆ, ಓದುವವರು ಊಹೆಯ ಮೇಲೆ ಓದಬೇಕಾಗುತ್ತದೆ.

ಅಷ್ಟೇ ಗಾತ್ರದ ಪರದೆಯಲ್ಲಿ 2560 × 1440 ಪಿಕ್ಸೆಲ್ ಇದ್ದರೆ ಇಂಚಿಗೆ ಸುಮಾರು 123 ಬೀಳುತ್ತವೆ. ಅದೇ ಅಕ್ಷರಕ್ಕೆ 17 ಪಿಕ್ಸೆಲ್ ಎತ್ತರ ಸಿಗುತ್ತದೆ. ಎತ್ತರ, ಅಗಲ ಎರಡೂ ಹೆಚ್ಚುವುದರಿಂದ ಪ್ರತಿ ಅಕ್ಷರಕ್ಕೆ ಒದಗುವ ಚುಕ್ಕೆಗಳು ಸುಮಾರು 1.8 ಪಟ್ಟಾಗುತ್ತವೆ. ನಾವು ಹೆಚ್ಚಿಗೆ ದುಡ್ಡು ಹಾಕಿದ್ದು ಇಲ್ಲಿಗೆ. ಪರದೆ ಐಪಿಎಸ್ ಜಾತಿಯದಿರಲಿ ಎಂದೂ ನೋಡಿಕೊಂಡೆವು. ಹಳೆಯ ಅಗ್ಗದ ಟಿಎನ್ ಪರದೆಗಳಲ್ಲಿ ದ್ರವಸ್ಫಟಿಕದ ಅಣುಗಳು ಗಾಜಿಗೆ ಲಂಬವಾಗಿ ಎದ್ದು ನಿಲ್ಲುತ್ತವೆ, ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಮಾಸುತ್ತದೆ. ಐಪಿಎಸ್‌ನಲ್ಲಿ ಅವು ಗಾಜಿಗೆ ಸಮಾನಾಂತರವಾಗಿಯೇ ತಿರುಗುವುದರಿಂದ ಕುರ್ಚಿ ಅತ್ತಿತ್ತ ಸರಿದರೂ ಪುಟ ಒಂದೇ ತೆರನಾಗಿ ಕಾಣುತ್ತದೆ.

ಒಂದು ಸೆಕೆಂಡು ಮತ್ತು ಒಂದೂವರೆ ವರ್ಷ

ಕಣ್ಣಿನ ಕೆಲಸವಾದ ಮೇಲೆ ಯಂತ್ರದ ಕಾಯುವಿಕೆಗೆ ಬರೋಣ. ಯಜಮಾನರ ಹಳೆಯ ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆಯಲು ಹೇಳಿದರೆ ಒಳಗೆ ಕಿರ್ ಕಿರ್ ಸದ್ದು ಬರುತ್ತಿತ್ತು, ಬಾಣದ ಗುರುತು ಸುತ್ತುತ್ತಲೇ ಇರುತ್ತಿತ್ತು. ಪ್ರೊಸೆಸರ್ ಆಗ ದುಡಿಯುತ್ತಿರಲಿಲ್ಲ, ಕಾಯುತ್ತಿತ್ತು.

4 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಮಿಡಿತಕ್ಕೆ ಹಿಡಿಯುವುದು ಕಾಲು ನ್ಯಾನೊಸೆಕೆಂಡು. ಅಷ್ಟರಲ್ಲಿ ಬೆಳಕೇ ಏಳೂವರೆ ಸೆಂಟಿಮೀಟರ್ ಮಾತ್ರ ಹೋಗುತ್ತದೆ. ಇದನ್ನು ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. ಆ ಒಂದು ಮಿಡಿತವನ್ನು ಒಂದು ಸೆಕೆಂಡು ಎಂದಿಟ್ಟುಕೊಳ್ಳಿ. ಪ್ರೊಸೆಸರಿನ ಒಳಗೇ ಇರುವ ಅತಿ ಹತ್ತಿರದ ಕ್ಯಾಶ್ ನೆನಪಿನಿಂದ ಒಂದು ಸಂಖ್ಯೆ ತರಲು ನಾಲ್ಕೈದು ಸೆಕೆಂಡು. ಹೊರಗಿನ ರ‍್ಯಾಮ್‌ನಿಂದ ತರಲು ಸುಮಾರು 80 ನ್ಯಾನೊಸೆಕೆಂಡು, ನಮ್ಮ ಲೆಕ್ಕದಲ್ಲಿ ಐದು ನಿಮಿಷಕ್ಕೂ ಹೆಚ್ಚು. ಎಸ್‌ಎಸ್‌ಡಿಯಿಂದ ತರಲು ಸುಮಾರು 100 ಮೈಕ್ರೊಸೆಕೆಂಡು, ಅಂದರೆ ನಾಲ್ಕೂವರೆ ದಿನ. ಇನ್ನು ಹಾರ್ಡ್‌ಡಿಸ್ಕ್. ಅದರ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗಿದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ತೋಳು ಸರಿಯಾದ ಪಥಕ್ಕೆ ಸರಿಯಲು ಎಂಟೊಂಬತ್ತು ಮಿಲಿಸೆಕೆಂಡು. ಎಲ್ಲ ಸೇರಿ 12–13 ಮಿಲಿಸೆಕೆಂಡು. ನಮ್ಮ ಲೆಕ್ಕದಲ್ಲಿ ಅದು ಒಂದೂವರೆ ವರ್ಷಕ್ಕೂ ಹೆಚ್ಚು!

ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸಿದ ತಕ್ಷಣ ಅದು ಹೊಸದರಂತೆ ಓಡುವ ಗುಟ್ಟು ಇದು. ಒಂದೂವರೆ ವರ್ಷದ ಕಾಯುವಿಕೆ ನಾಲ್ಕೂವರೆ ದಿನಕ್ಕೆ ಇಳಿಯುತ್ತದೆ. ಹೆಚ್ಚು ದುಡ್ಡಿಲ್ಲದೆ ಕಂಪ್ಯೂಟರ್ ಸುಧಾರಿಸಬೇಕೆನ್ನುವವರಿಗೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ.

ಎಸ್‌ಎಸ್‌ಡಿಯೊಳಗೆ ತಿರುಗುವುದು ಏನೂ ಇಲ್ಲ. ತೋಷಿಬಾದಲ್ಲಿದ್ದ ಫುಜಿಯೊ ಮಸುಓಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ನೆನಪು ಅದರ ಆಧಾರ. ನಿರೋಧಕ ಪದರದಿಂದ ಸುತ್ತುವರಿದ ಪುಟ್ಟ ಕೋಶದಲ್ಲಿ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕಲಾಗುತ್ತದೆ. ಕರೆಂಟು ಹೋದರೂ ಅವು ಅಲ್ಲೇ ಉಳಿಯುತ್ತವೆ. ಎಷ್ಟು ವಿದ್ಯುದಂಶ ಇದೆ ಎಂದು ಅಳೆದರೆ ಅಲ್ಲಿ ಬರೆದದ್ದು ಏನೆಂದು ತಿಳಿಯುತ್ತದೆ. ಟಿಎಲ್‌ಸಿ ಎಂಬ ಜಾತಿಯ ಒಂದು ಕೋಶದಲ್ಲಿ ಮೂರು ಬಿಟ್ ಇರುತ್ತವೆ, ಅದಕ್ಕೆ 8 ಮಟ್ಟಗಳನ್ನು ಗುರುತಿಸಬೇಕು. ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್, 16 ಮಟ್ಟ. ಒಂದು ಚೊಂಬಿಗೆ ಎಂಟು ಗೆರೆ ಹಾಕಿ ನೀರಿನ ಮಟ್ಟ ಹೇಳುವುದಕ್ಕೂ ಹದಿನಾರು ಗೆರೆ ಹಾಕಿ ಹೇಳುವುದಕ್ಕೂ ಇರುವ ವ್ಯತ್ಯಾಸದಂತೆ ಇದು. ಗೆರೆ ಹೆಚ್ಚಾದಷ್ಟೂ ಬರೆಯುವುದು ನಿಧಾನ, ಕೋಶ ಸವೆದಂತೆ ತಪ್ಪುವ ಸಂಭವ ಜಾಸ್ತಿ. ಬೆಲೆಯ ಅಂತರ ಕಡಿಮೆಯಿದ್ದರೆ ಟಿಎಲ್‌ಸಿಯನ್ನೇ ಕೊಳ್ಳಿ. ಸವೆತದ ಭಯವನ್ನು ಹಚ್ಚಿಕೊಳ್ಳಬೇಕಾಗಿಲ್ಲ. 300 ಟಿಬಿ ಬರೆಯುವವರೆಗೆ ಖಾತರಿ ಕೊಟ್ಟಿರುವ 500 ಜಿಬಿ ಎಸ್‌ಎಸ್‌ಡಿಯ ಮೇಲೆ ದಿನಕ್ಕೆ 20 ಜಿಬಿ ಬರೆದರೂ ಆ ಮಿತಿ ಮುಟ್ಟಲು 40 ವರ್ಷ ಬೇಕು.

ಎಸ್‌ಎಸ್‌ಡಿ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವೇಗವನ್ನು ನೋಡಿ ದುಡ್ಡು ಸುರಿಯುವುದೂ ಬೇಡ. ಎ4 ಪುಟವನ್ನು ಇಂಚಿಗೆ 300 ಚುಕ್ಕೆಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 × 3508 ಪಿಕ್ಸೆಲ್. ಪಿಕ್ಸೆಲ್ಲಿಗೆ ಮೂರು ಬೈಟ್ ಎಂದರೆ, ಕುಗ್ಗಿಸದೆ ಇಟ್ಟಾಗ 26 ಎಂಬಿ. ಇನ್ನೂರು ಪುಟಕ್ಕೆ 5.2 ಜಿಬಿ. ಪಿಸಿಐಇ ಎಂಬ ಸಂಪರ್ಕದ ಮೂರನೇ ತಲೆಮಾರಿನ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 3.5 ಜಿಬಿ ಓದುತ್ತದೆ. ಇಡೀ ಪುಸ್ತಕಕ್ಕೆ ಒಂದೂವರೆ ಸೆಕೆಂಡು. ನಾಲ್ಕನೇ ತಲೆಮಾರಿನದು ಅದನ್ನು ಮುಕ್ಕಾಲು ಸೆಕೆಂಡಿನಲ್ಲಿ ಮುಗಿಸುತ್ತದೆ. 33 ಗಂಟೆಯ ಕೆಲಸದಲ್ಲಿ ಮುಕ್ಕಾಲು ಸೆಕೆಂಡು ಉಳಿಸಲು ಯಾರೂ ದುಡ್ಡು ಕೊಡಬೇಕಾಗಿಲ್ಲ.

ಮುಗಿದ ಪುಸ್ತಕಗಳ ಚಿತ್ರಗಳನ್ನು ಕಾದಿಡಲು ನಾವು ಒಂದು ಹಾರ್ಡ್‌ಡಿಸ್ಕನ್ನೂ ಹಾಕಿಸಿದೆವು. ದೊಡ್ಡ ಡಿಸ್ಕುಗಳಲ್ಲಿ ಜಿಬಿಗೆ ಬೀಳುವ ಬೆಲೆ ಎಸ್‌ಎಸ್‌ಡಿಗಿಂತ ಕಡಿಮೆ, ಅಪರೂಪಕ್ಕೆ ತೆಗೆದು ನೋಡುವ ಸಂಗ್ರಹಕ್ಕೆ ಅದರ ನಿಧಾನ ಅಡ್ಡಿಯಲ್ಲ. ಆ ಸಂಗ್ರಹದ ಇನ್ನೊಂದು ಪ್ರತಿ ಮನೆಯ ಹೊರಗೆ, ಬೇರೆಯವರ ಬಳಿ ಇದೆ. ಡಿಸ್ಕು ಎಂದಾದರೂ ಕೆಟ್ಟೇ ಕೆಡುತ್ತದೆ ಎಂದುಕೊಂಡೇ ನಡೆಯಬೇಕು.

ರ‍್ಯಾಮ್ ಎಷ್ಟು ಬೇಕು ಎನ್ನುವುದಕ್ಕೂ ಮೇಲಿನ ಅಂಕಿಯೇ ಉತ್ತರ. ಒಂದು ಪುಸ್ತಕದ ಚಿತ್ರಗಳಿಗೇ 5.2 ಜಿಬಿ, ಅದರ ಜೊತೆ ಬ್ರೌಸರ್, ನಿಘಂಟು, ಆಪರೇಟಿಂಗ್ ಸಿಸ್ಟಂ. 8 ಜಿಬಿ ಇದ್ದರೆ ಹಿಡಿಸದ್ದನ್ನು ಯಂತ್ರ ಡಿಸ್ಕಿಗೆ ಸಾಗಿಸುತ್ತದೆ, ಐದು ನಿಮಿಷದ ಕಾಯುವಿಕೆ ದಿನಗಳ ಕಾಯುವಿಕೆಯಾಗುತ್ತದೆ. 16 ಜಿಬಿ ಸರಿಯಾದ ಅಳತೆ. ಅದನ್ನು 16ರ ಒಂದೇ ಸ್ಟಿಕ್ ಆಗಿ ಕೊಳ್ಳದೆ 8ರ ಎರಡು ಸ್ಟಿಕ್ ಆಗಿ ಕೊಳ್ಳಿ. ಡಿಡಿಆರ್4–3200 ರ‍್ಯಾಮ್ ಸೆಕೆಂಡಿಗೆ 320 ಕೋಟಿ ಸಲ, ಪ್ರತಿ ಸಲಕ್ಕೆ 8 ಬೈಟ್‌ನಂತೆ ಕಳಿಸುತ್ತದೆ. ಅಂದರೆ ಸೆಕೆಂಡಿಗೆ 25.6 ಜಿಬಿ. ಎರಡು ಸ್ಟಿಕ್‌ಗಳನ್ನು ಬೇರೆ ಬೇರೆ ಚಾನೆಲ್ಲಿಗೆ ಹಾಕಿದರೆ 51.2 ಜಿಬಿ. ನಾವು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನೆಚ್ಚಿಕೊಂಡಿದ್ದೆವು. ಅದು ಪರದೆಯ ಚಿತ್ರವನ್ನೂ ಇದೇ ರ‍್ಯಾಮ್‌ನಿಂದ ಎತ್ತಿಕೊಳ್ಳುವುದರಿಂದ ಈ ಇಮ್ಮಡಿ ವೇಗ ನೇರವಾಗಿ ಅದರ ಉಪಯೋಗಕ್ಕೆ ಬರುತ್ತದೆ.

ರ‍್ಯಾಮ್ ಬೆಲೆ ಮಾತ್ರ ಯಾವಾಗಲೂ ಏರಿಳಿಯುವಂಥದ್ದು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ನೆನಪಿನ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ ಮನೆಬಳಕೆಯ ರ‍್ಯಾಮ್ ಬೆಲೆ ಜಿಗಿಯಿತು. ಕೊಳ್ಳುವ ವಾರದಲ್ಲಿ ದರ ವಿಚಾರಿಸಿಯೇ ಪಟ್ಟಿ ಅಂತಿಮಗೊಳಿಸಬೇಕು.

ಅಗ್ಗದ ಚಿಪ್ಪು ಹೇಗೆ ಅಗ್ಗವಾಗುತ್ತದೆ?

ನಾವು ಆರಿಸಿದ ಪ್ರೊಸೆಸರ್ ಎಎಂಡಿಯ ರೈಜೆನ್ 5 5600ಜಿ. 2021ರಲ್ಲಿ ಬಂದದ್ದು, ಆರು ಕೋರ್ (ಅಂದರೆ ಏಕಕಾಲಕ್ಕೆ ದುಡಿಯುವ ಆರು ಲೆಕ್ಕದ ಘಟಕ), 65 ವ್ಯಾಟ್. ಇದರ ಅಣ್ಣ 5700ಜಿಯಲ್ಲಿ ಎಂಟು ಕೋರ್ ಇವೆ, ಬೆಲೆಯೂ ಹೆಚ್ಚು. ವಿಶೇಷವೆಂದರೆ ಎರಡರೊಳಗೂ ಇರುವುದು ಒಂದೇ ನಕ್ಷೆಯ ಸಿಲಿಕಾನ್ ತುಣುಕು. ಸುಮಾರು 180 ಚದರ ಮಿಲಿಮೀಟರಿನ ಆ ತುಣುಕಿನಲ್ಲಿ 1070 ಕೋಟಿ ಟ್ರಾನ್ಸಿಸ್ಟರ್‌ಗಳಿವೆ.

ಇಂಥ ಚಿಪ್ಪುಗಳನ್ನು ತೈವಾನಿನ ಟಿಎಸ್‌ಎಂಸಿ 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ ಮುದ್ರಿಸುತ್ತದೆ. ಒಂದು ಬಿಲ್ಲೆಯಲ್ಲಿ ಮುನ್ನೂರಕ್ಕೂ ಹೆಚ್ಚು ತುಣುಕುಗಳು ಹಿಡಿಸುತ್ತವೆ. ಕೊಠಡಿ ಎಷ್ಟೇ ಶುದ್ಧವಾಗಿದ್ದರೂ ಬಿಲ್ಲೆಯ ಮೇಲೆ ಅಲ್ಲಲ್ಲಿ ಸೂಕ್ಷ್ಮ ದೋಷಗಳು ಉಳಿಯುತ್ತವೆ. ದೋಷ ಒಂದು ಕೋರಿನ ಮೇಲೆ ಬಿದ್ದರೆ ಆ ಕೋರ್ ಕೆಡುತ್ತದೆ, ಉಳಿದ ಏಳು ಚೆನ್ನಾಗಿರುತ್ತವೆ. ಅದನ್ನು ಕಸಕ್ಕೆ ಎಸೆಯುವ ಬದಲು ಎರಡು ಕೋರ್‌ಗಳನ್ನು ಶಾಶ್ವತವಾಗಿ ಮುಚ್ಚಿ ಆರು ಕೋರಿನ ಚಿಪ್ಪೆಂದು ಕಡಿಮೆ ಬೆಲೆಗೆ ಮಾರುತ್ತಾರೆ. ಬೇಡಿಕೆ ಹೆಚ್ಚಿದ್ದರೆ ಚೆನ್ನಾಗಿರುವ ಚಿಪ್ಪುಗಳಲ್ಲೂ ಎರಡನ್ನು ಮುಚ್ಚುವುದುಂಟು. ಉಳಿದ ಆರು ಕೋರ್‌ಗಳು ಪರೀಕ್ಷೆಯಲ್ಲಿ ಪಾಸಾಗಿಯೇ ಹೊರಬರುತ್ತವೆ, ಅವುಗಳ ಆಯಸ್ಸಿಗೆ ಕುಂದಿಲ್ಲ. ಇಂಟೆಲ್ ಮಾದರಿಗಳ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇದ್ದರೆ ಒಳಗಿನ ಗ್ರಾಫಿಕ್ಸ್ ಭಾಗವನ್ನು ಹೀಗೆ ಮುಚ್ಚಲಾಗಿದೆ ಎಂದರ್ಥ.

ಆ ಅಕ್ಷರಗಳನ್ನು ಗಮನಿಸದೆ ಕೊಂಡರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೀರಿ. ರೈಜೆನ್ 5 5600ಜಿಗೆ ಗ್ರಾಫಿಕ್ಸ್ ಇದೆ, ‘ಜಿ’ ಇಲ್ಲದ 5600ಕ್ಕೆ ಇಲ್ಲ. ಇಂಟೆಲ್ ಕೋರ್ ಐ3–12100ಕ್ಕೆ ಇದೆ, 12100ಎಫ್‌ಗೆ ಇಲ್ಲ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ತಂದು ಮದರ್‌ಬೋರ್ಡಿಗೆ ಮಾನಿಟರ್ ಸಿಕ್ಕಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ.

ಆರು ಕೋರ್ ಯಾಕೆ? ಓಸಿಆರ್‌ನಲ್ಲಿ ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ಸಂಬಂಧವಿಲ್ಲ. ಕೋರಿಗೊಂದು ಪುಟ ಹಂಚಿದರೆ 33 ನಿಮಿಷದ ಕೆಲಸ ಆರೇಳು ನಿಮಿಷಕ್ಕೆ ಮುಗಿಯುತ್ತದೆ, ಊಟಕ್ಕೆ ಎದ್ದು ಬರುವಷ್ಟರಲ್ಲಿ ಇಡೀ ಪುಸ್ತಕ ಸಿದ್ಧವಾಗಿರುತ್ತದೆ. ಯಜಮಾನರು ಬಳಸುವ ಟೆಸರ್ಯಾಕ್ಟ್ ತಂತ್ರಾಂಶ ಕನ್ನಡವನ್ನು ಓದಬಲ್ಲದು. 2005ರಲ್ಲಿ ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಯಿತು. ಆಪರೇಟಿಂಗ್ ಸಿಸ್ಟಂ ಆಗಿ ಲಿನಕ್ಸ್, ಬರೆಯಲು ಲಿಬ್ರೆಆಫೀಸ್. ತಂತ್ರಾಂಶಕ್ಕೆಂದು ಒಂದು ಪೈಸೆ ಖರ್ಚಿಲ್ಲ.

5600ಜಿಯ ಒಂದು ಮಿತಿಯನ್ನೂ ಹೇಳಬೇಕು. ಅದು ಪಿಸಿಐಇ ಮೂರನೇ ತಲೆಮಾರಿಗೆ ನಿಲ್ಲುತ್ತದೆ. ನಾಲ್ಕನೇ ತಲೆಮಾರಿನ ಎಸ್‌ಎಸ್‌ಡಿ ಹಾಕಿದರೆ ಕೆಲಸ ಮಾಡುತ್ತದೆ, ಮೂರನೆಯದರ ವೇಗದಲ್ಲಿ. ಅದು ಕೂರುವ ಎಎಂ4 ಸಾಕೆಟ್ಟೂ ಹಳೆಯದು. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ, ಒಟ್ಟು ಖರ್ಚು ಏರುತ್ತದೆ. ನಮ್ಮ ಕೆಲಸಕ್ಕೆ ಹಳೆಯ ಸಾಕೆಟ್ಟೇ ಸಾಕಾಯಿತು.

ಉಳಿಸಬಾರದ ಜಾಗ

ಮನೆಯ 230 ವೋಲ್ಟ್ ಎಸಿ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್ ಡಿಸಿ ಮಾಡುವುದು ಎಸ್‌ಎಂಪಿಎಸ್. ಅದು ಮೊದಲು ಒಳಬಂದ ವಿದ್ಯುತ್ತನ್ನು ಸುಮಾರು 325 ವೋಲ್ಟ್ ಡಿಸಿಗೆ ತಿರುಗಿಸುತ್ತದೆ. ಆಮೇಲೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆರಿಸಿ ಹೊತ್ತಿಸಿ ಟ್ರಾನ್ಸ್‌ಫಾರ್ಮರಿಗೆ ಕಳಿಸುತ್ತದೆ. ಆವರ್ತನ ಹೆಚ್ಚಾದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಿದ್ದರೆ ಸಾಕು. ಹಾಗಾಗಿಯೇ ಕಿಲೋಗಟ್ಟಲೆ ಕಬ್ಬಿಣವಿಲ್ಲದೆ ಈ ಡಬ್ಬಿ ನೂರಾರು ವ್ಯಾಟ್ ಕೊಡುತ್ತದೆ.

ಕಡಿಮೆ ಬೆಲೆಯ ಕ್ಯಾಬಿನೆಟ್ ಜೊತೆ ಹೆಸರಿಲ್ಲದ ಎಸ್‌ಎಂಪಿಎಸ್ ಒಂದನ್ನು ಪುಕ್ಕಟೆ ಕೊಡುವ ರೂಢಿಯಿದೆ. ಅದನ್ನು ಒಪ್ಪಬೇಡಿ. ಕಂಪ್ಯೂಟರಿನ ಪ್ರತಿಯೊಂದು ಭಾಗವೂ ಈ ಡಬ್ಬಿಯನ್ನು ಅವಲಂಬಿಸಿದೆ. ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ ತಾನೇ ಆರುವ ರಕ್ಷಣೆ ಅದರಲ್ಲಿ ಇಲ್ಲದಿದ್ದರೆ ಮಿಕ್ಕೆಲ್ಲ ಭಾಗಗಳನ್ನೂ ಸುಟ್ಟುಹಾಕಬಹುದು. ನಮ್ಮ ಯಂತ್ರ ಪೂರ್ತಿ ದುಡಿಯುವಾಗಲೂ 150 ವ್ಯಾಟ್ ದಾಟುವುದಿಲ್ಲ, ಹಾಗಾಗಿ 450 ವ್ಯಾಟಿನದು ಧಾರಾಳ. ವ್ಯಾಟ್ ಸಂಖ್ಯೆಯ ಹಿಂದೆ ಓಡುವ ಬದಲು ‘80 ಪ್ಲಸ್’ ಮುದ್ರೆ ಇದೆಯೇ ನೋಡಿ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಶೇಕಡಾ 80ಕ್ಕಿಂತ ಕಡಿಮೆಯಿಲ್ಲದಷ್ಟು ಒಳಗೆ ತಲುಪುತ್ತದೆಂದು ಪರೀಕ್ಷೆಯಾಗಿರುತ್ತದೆ. ಈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಕರೆಂಟು ಹೋದಾಗ ಒಳ್ಳೆಯ ಎಸ್‌ಎಂಪಿಎಸ್ ಹದಿನಾರು ಹದಿನೇಳು ಮಿಲಿಸೆಕೆಂಡು ತಡೆದುಕೊಳ್ಳುತ್ತದೆ. ಅಷ್ಟರೊಳಗೆ ಯುಪಿಎಸ್ ಕೈಹಿಡಿಯಬೇಕು. ಆಗಾಗ ಕರೆಂಟು ಹೋಗುವ ಊರುಗಳಲ್ಲಿ 600 ವಿಎ ಯುಪಿಎಸ್ ಒಂದು ಇರಲೇಬೇಕು. ಜೊತೆಗೆ, ಸಾಕೆಟ್ಟಿನ ಮೂರನೇ ಪಿನ್ನಿಗೆ ನಿಜವಾಗಿ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ಬಿಸಿಯ ಲೆಕ್ಕವೂ ಇದೆ. ಈ ಪ್ರೊಸೆಸರಿನ ಗರಿಷ್ಠ ಉಷ್ಣತೆ 95 ಡಿಗ್ರಿ. ಶಾಖ ಹೊರಹೋಗುವ ವೇಗ ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರವನ್ನು ಅವಲಂಬಿಸಿರುತ್ತದೆ. ಬೆಂಗಳೂರಿನ 25 ಡಿಗ್ರಿಯಲ್ಲಿ ಅಂತರ 70. ರಾಯಚೂರು, ಕಲಬುರಗಿಯ ಬೇಸಿಗೆಯ 42 ಡಿಗ್ರಿಯಲ್ಲಿ 53 ಮಾತ್ರ. ಅಲ್ಲಿಯವರು ಮುಂದೆ ಜಾಲರಿಯಿದ್ದು ಗಾಳಿ ಆಡುವ ಕ್ಯಾಬಿನೆಟ್ ಕೊಳ್ಳಬೇಕು, ಗಾಜಿನ ಅಂದಕ್ಕೆ ಮರುಳಾಗಬಾರದು.

ಅಂಗಡಿಯಿಂದ ಮೇಜಿನವರೆಗೆ

ಎಸ್.ಪಿ. ರೋಡಿನ ಅಂಗಡಿಯಲ್ಲಿ ಪಟ್ಟಿ ನೋಡಿದವರು, ‘ಮೇಡಂ, ಮಾನಿಟರ್ ಸಾದಾ ತಗೊಳ್ಳಿ, ಇದೇ ಬಜೆಟ್ಟಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕ್ಕೊಡ್ತೀನಿ’ ಅಂದರು. ‘ನಮ್ಮಲ್ಲಿ ಗೇಮ್ ಆಡೋರಿಲ್ಲಪ್ಪ, ಓದೋರಿದ್ದಾರೆ’ ಅಂದೆ. ಮದರ್‌ಬೋರ್ಡ್ ತಯಾರಕರ ಜಾಲತಾಣದಲ್ಲಿ ಆ ಬೋರ್ಡು ನಮ್ಮ ಪ್ರೊಸೆಸರನ್ನು ಯಾವ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ) ಆವೃತ್ತಿಯಿಂದ ಗುರುತಿಸುತ್ತದೆ ಎಂದು ನೋಡಿಕೊಂಡು ಹೋಗಿದ್ದೆ. ಅಂಗಡಿಯವರು ಬೋರ್ಡಿನ ಡಬ್ಬಿಯ ಮೇಲಿನ ಆವೃತ್ತಿ ತೋರಿಸಿದರು. ಪ್ರತಿ ಭಾಗವೂ ಸೀಲ್ ಆದ ಡಬ್ಬಿಯಲ್ಲಿರಲಿ, ಬಿಲ್ಲಿನಲ್ಲಿ ಅದರ ಸೀರಿಯಲ್ ನಂಬರ್ ನಮೂದಾಗಿರಲಿ. ವಾರಂಟಿ ಕೇಳುವಾಗ ಆ ಬಿಲ್ಲೇ ಆಧಾರ.

ಜೋಡಿಸಿದ್ದು ಮನೆಯ ಮರದ ಮೇಜಿನ ಮೇಲೆ. ಮೈಯಲ್ಲಿ ಕೂಡಿರುವ ಸ್ಥಿರವಿದ್ಯುತ್ ನಮಗೆ ಚುರುಕ್ ಎನ್ನಬೇಕಾದರೆ ಅದು ಸಾವಿರಾರು ವೋಲ್ಟ್ ಇರಬೇಕು, ಚಿಪ್ಪಿಗೆ ಹಾನಿಯಾಗಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿಯೇ ಶುರು ಮಾಡಿದೆವು. ಎಎಂ4 ಪ್ರೊಸೆಸರಿನ ಹೊಟ್ಟೆಯಲ್ಲಿ 1331 ಪಿನ್ನುಗಳಿವೆ. ಸಾಕೆಟ್ಟಿನ ಸನ್ನೆ ಎತ್ತಿ, ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ಅದು ತನ್ನ ಭಾರಕ್ಕೇ ಇಳಿದು ಕೂರುತ್ತದೆ. ಒತ್ತಿದರೆ ಪಿನ್ ಬಾಗುತ್ತದೆ. ಸನ್ನೆ ಕೆಳಗಿಳಿಸಿದಾಗಷ್ಟೇ ಸಾಕೆಟ್ ಆ ಪಿನ್ನುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ರ‍್ಯಾಮ್ ಇದಕ್ಕೆ ತದ್ವಿರುದ್ಧ. ಮಧ್ಯದಿಂದ ಸ್ವಲ್ಪ ಪಕ್ಕಕ್ಕಿರುವ ಕಚ್ಚನ್ನು ಹೊಂದಿಸಿ, ಕ್ಲಿಪ್ಪು ಟಕ್ಕೆನ್ನುವವರೆಗೆ ಗಟ್ಟಿಯಾಗಿ ಒತ್ತಬೇಕು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದಕ್ಕೆ ಹಾಕಿದರೆ ಎರಡು ಚಾನೆಲ್‌ಗಳೂ ತುಂಬುತ್ತವೆ. ಮೊದಲ ಸಲ ಚಾಲೂ ಮಾಡಿದಾಗ ಬಯಾಸ್ ಒಳಗೆ ಹೋಗಿ ರ‍್ಯಾಮ್ ವೇಗ ನೋಡಿ. ಕೆಲವು ಸ್ಟಿಕ್‌ಗಳು 2133 ಅಥವಾ 2400ಕ್ಕೆ ನಿಂತಿರುತ್ತವೆ, ಎಕ್ಸ್‌ಎಂಪಿ ಆಯ್ಕೆ ಒತ್ತಿದ ಮೇಲೆಯೇ 3200ಕ್ಕೆ ಏರುತ್ತವೆ.

ಕೊನೆಗೆ ನಮ್ಮ ಹಂಚಿಕೆ. ನೂರು ರೂಪಾಯಿಯ ಲೆಕ್ಕದಲ್ಲಿ ಮಾನಿಟರಿಗೆ 28, ಪ್ರೊಸೆಸರಿಗೆ 20, ಮದರ್‌ಬೋರ್ಡಿಗೆ 12, ರ‍್ಯಾಮ್‌ಗೆ 10, ಎಸ್‌ಎಸ್‌ಡಿಗೆ 7, ಹಾರ್ಡ್‌ಡಿಸ್ಕಿಗೆ 6, ಎಸ್‌ಎಂಪಿಎಸ್‌ಗೆ 6, ಕ್ಯಾಬಿನೆಟ್ಟಿಗೆ 5, ಯುಪಿಎಸ್, ಕೀಬೋರ್ಡ್, ಮೌಸ್ ಸೇರಿ 6. ನಿಮ್ಮ ಮನೆಯ ಹಂಚಿಕೆ ಇದಾಗಿರಬೇಕಿಲ್ಲ. ನಿಮ್ಮ ಸಂಗಾತಿ ವಿಡಿಯೊ ಎಡಿಟ್ ಮಾಡುವವರಾದರೆ ಪ್ರೊಸೆಸರ್ ಮತ್ತು ರ‍್ಯಾಮ್ ಮೇಲಕ್ಕೆ ಬರುತ್ತವೆ. ಮೂರು ಆಯಾಮದ ಚಿತ್ರ ರಚಿಸುವವರಾದರೆ ಗ್ರಾಫಿಕ್ಸ್ ಕಾರ್ಡೇ ಮೊದಲು. ಅಂಗಡಿಯ ಲೆಕ್ಕ ಬರೆಯುವವರಾದರೆ ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೊಂದು ಎಸ್‌ಎಸ್‌ಡಿ ಹಾಕಿಸಿದರೆ ಮುಗಿಯಿತು.

ಆದ್ದರಿಂದ ಬೆಲೆಪಟ್ಟಿ ತೆರೆಯುವ ಮುನ್ನ ಯಂತ್ರ ಬಳಸುವವರ ಪಕ್ಕ ಅರ್ಧ ಗಂಟೆ ಕೂತುಕೊಳ್ಳಿ. ಯಾವ ಕೆಲಸಕ್ಕೆ ಎಷ್ಟು ಸೆಕೆಂಡು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಅತಿ ದೊಡ್ಡ ಅಂಕಿ ಎಲ್ಲಿದೆಯೋ ಮೊದಲ ರೂಪಾಯಿಯನ್ನು ಅಲ್ಲಿಗೆ ಹಾಕಿ.